ಕೆರೆ ನೋಡುವ ಕೆಲಸ

ನನಗೆ ಈ ಕೆಲಸ ಸಿಕ್ಕಿದ್ದು ಎರಡು ಲೀಟರ್ ಹಾಲಿನಿಂದ. ಪುರಸಭೆಯ ಮುಖ್ಯಾಧಿಕಾರಿಗಳ ಮೇಜಿನ ಮೇಲೆ ಗ್ಯಾಸ್ ಒಲೆ ಇಟ್ಟು, ಅದರ ಮೇಲೆ ಹಾಲಿನ ಪಾತ್ರೆ ಇಟ್ಟಿದ್ದರು. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುತ್ತಲೇ ಹಾಲು ಉಕ್ಕುವ ಮೊದಲು ಒಲೆ ಆರಿಸಬೇಕು. ಅದೇ ಸಂದರ್ಶನ. ಬಂದಿದ್ದವರು ಒಂಬತ್ತು ಜನ. ನನಗಿಂತ ಮುಂಚೆ ಒಳಗೆ ಹೋದ ಎಂಟೂ ಜನ, "ತಂದೆ ಹೆಸರೇನು?" ಎಂದ ಕೂಡಲೇ ಮರ್ಯಾದೆಗೆಂದು ಅಧಿಕಾರಿಗಳ ಕಡೆ ತಿರುಗಿದರಂತೆ. ನಾನು ಹೋಗುವ ಹೊತ್ತಿಗೆ ಕಡತಗಳೆಲ್ಲ ಹಾಲಲ್ಲಿ ನೆನೆದು ಉಬ್ಬಿದ್ದವು. ನಾನು ತಂದೆಯ ಹೆಸರು, ಬಿ.ಎಸ್ಸಿ.ಯಲ್ಲಿ ಬಂದ ಅಂಕ, ಹತ್ತೊಂಬತ್ತರ ಮಗ್ಗಿ ಎಲ್ಲವನ್ನೂ ಹಾಲಿಗೇ ಹೇಳಿದೆ. ಎದುರಿಗೆ ಕೂತವರಿಗೆ ಮೀಸೆ ಇದೆಯೋ ಇಲ್ಲವೋ ಎಂದೂ ನೋಡಲಿಲ್ಲ. "ಅಭ್ಯರ್ಥಿಗೆ ಮರ್ಯಾದೆ ಇಲ್ಲ, ತೆಗೆದುಕೊಳ್ಳಬಹುದು" ಎಂದು ಅವರು ಬರೆದ ಚೀಟಿ ಇನ್ನೂ ನನ್ನ ಸೇವಾ ಪುಸ್ತಕದಲ್ಲಿದೆ.

ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನಾನು ಹುಟ್ಟಿನಿಂದಲೇ ಹೆದರುವವಳು. ಬೀಗ ಹಾಕಿ ಮೂರು ಸಲ ಜಗ್ಗಿ, ಬೀದಿಯ ತುದಿಯವರೆಗೆ ಹೋಗಿ, ತಿರುಗಿ ಬಂದು ನಾಲ್ಕನೆಯ ಸಲ ಜಗ್ಗುವವಳು. ನನ್ನ ಕೈಯಲ್ಲಿ ಹಾಲು ಒಮ್ಮೆಯೂ ಉಕ್ಕಿರಲಿಲ್ಲ. ಹೆಣ್ಣು ನೋಡಲು ಬಂದವರಿಗೆ ನನ್ನಮ್ಮ ಹಾಡು, ಹಸೆ ಏನನ್ನೂ ಹೇಳಲಿಲ್ಲ, ಇದೊಂದನ್ನೇ ಹೇಳಿದಳು.

ನಮ್ಮೂರ ಕೆರೆ ಹಾಲಿನ ಜಾತಿಯದು. ಬೆಳಕಿರುವಷ್ಟು ಹೊತ್ತೂ ಯಾರಾದರೂ ನೋಡುತ್ತಿರಬೇಕು. ನೋಡುತ್ತಿದ್ದರೆ ತಣ್ಣಗೆ ಬಿದ್ದಿರುತ್ತದೆ. ಕಣ್ಣು ತೆಗೆದರೆ ಅಂಚಿನಲ್ಲಿ ಸಣ್ಣಗೆ ನೊರೆ ಕಟ್ಟಿ, ಮೇಲೆದ್ದು, ಏರಿ ದಾಟಿ, ಮೂವತ್ತೆರಡು ಮೆಟ್ಟಿಲು ಇಳಿದು ಕೆಳಗಿನ ಬೀದಿಗೆ ಹೊರಡುತ್ತದೆ. ಮತ್ತೆ ನೋಡಿದರೆ ಬಂದ ಹಾಗೇ ಹಿಂದಕ್ಕೆ ಹೋಗುತ್ತದೆ. ಬರೀ ಕಣ್ಣಿಟ್ಟರೆ ಸಾಲದು, ಜೊತೆಗೆ ಒಂದಿಷ್ಟು ಗಾಬರಿ ಬೇಕು. ಬೇರೇನೋ ಯೋಚಿಸುತ್ತ ಅದರ ಕಡೆ ಮುಖ ಮಾಡಿ ಕೂತವರನ್ನು ಕೆರೆ ಲೆಕ್ಕಕ್ಕೇ ಇಡುವುದಿಲ್ಲ. ಕತ್ತಲಾದ ಮೇಲೆ ಅದಕ್ಕೂ ನಿದ್ದೆ.

ಕೆಳಗಿನ ಬೀದಿಯವರು ಚಪ್ಪಲಿಗಳನ್ನು ಗೋಡೆಯ ಮೊಳೆಗೆ ನೇತುಹಾಕುತ್ತಾರೆ. ಅಕ್ಕಿಯ ಡಬ್ಬ ಅಟ್ಟದ ಮೇಲಿರುತ್ತದೆ. ರಂಗೋಲಿಯನ್ನು ನೆಲಕ್ಕೆ ಹಾಕದೆ ಬಾಗಿಲಿಗೇ ಬರೆಯುತ್ತಾರೆ. ನೀರು ಎಷ್ಟು ಬಂತು ಎಂಬುದನ್ನು ಮೆಟ್ಟಿಲಿನಲ್ಲಿ ಹೇಳುವುದು ರೂಢಿ. ನೋಡುವವರು ಸೀನಿದರೆ ಒಂದು ಮೆಟ್ಟಿಲು, ಆಕಳಿಸಿದರೆ ಎರಡು, ಜಡೆ ಬಿಚ್ಚಿ ಹೆಣೆದುಕೊಂಡರೆ ಒಂಬತ್ತು. ಹೀಗಾಗಿ ನಾನು ಹಗಲೆಲ್ಲ ಏನು ಮಾಡಿದೆ ಎಂಬುದು ನಾನು ಮನೆ ಸೇರುವ ಮೊದಲೇ ಊರಿಗೆಲ್ಲ ಗೊತ್ತಾಗಿರುತ್ತಿತ್ತು. ಬೇರೆ ಯಾವ ನೌಕರಿಯಲ್ಲೂ ನೌಕರರ ಆಕಳಿಕೆ ಬೀದಿಗೆ ಹರಿಯುವುದಿಲ್ಲ.

ಮೊದಲು ನಾವು ಇಬ್ಬರಿದ್ದೆವು. ಮಧ್ಯಾಹ್ನದ ಪಾಳಿಯವರು ನಿವೃತ್ತರಾದಾಗ ಪುರಸಭೆಯವರು, "ಹೊಸಬರು ಬರೋವರೆಗೂ ನೀವೇ ನೋಡ್ಕೊಳ್ತೀರೇನಮ್ಮ?" ಎಂದು ಕೇಳಿದರು. ಆಗುವುದಿಲ್ಲ ಎನ್ನುವುದಕ್ಕೂ ನನಗೆ ಹೆದರಿಕೆಯೇ. ಹೊಸಬರು ಹದಿನಾಲ್ಕು ವರ್ಷವಾದರೂ ಬರಲಿಲ್ಲ. ಬೆಳಕು ಹರಿಯುವ ಮೊದಲು ಏರಿಯ ಮೇಲಿನ ಕುರ್ಚಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ನಮ್ಮವರು ಪ್ರೈಮರಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಯಾವುದಕ್ಕೂ ಅವಸರವಿಲ್ಲದ ಮನುಷ್ಯ. ಬೆಳಗಿನ ಹಾಲು ಕಾಯಿಸುವುದು, ನನಗೆ ಡಬ್ಬಿ ಕಟ್ಟಿಕೊಡುವುದು ಎಲ್ಲ ಅವರದೇ. ಆ ಡಬ್ಬಿಯನ್ನು ನಾನು ಕೆರೆ ನೋಡುತ್ತಲೇ ಕೈಯಾಡಿಸಿ ಉಣ್ಣುತ್ತಿದ್ದೆ. ಹದಿನಾಲ್ಕು ವರ್ಷ ನನ್ನ ಮಧ್ಯಾಹ್ನದ ಊಟದ ಬಣ್ಣ ನಾನು ನೋಡಿದವಳಲ್ಲ.

ಊಟದ ಬಣ್ಣವಿರಲಿ, ಜನರ ಮುಖಗಳೂ ಗೊತ್ತಿಲ್ಲ. ಪುಟ್ಟತಾಯಮ್ಮ ಎನ್ನುವವರು ಹನ್ನೊಂದು ವರ್ಷದಿಂದ ದಿನವೂ ನನ್ನ ಬೆನ್ನ ಹಿಂದೆ ಬಂದು ಕೂರುತ್ತಿದ್ದರು. ಕೊತ್ತಂಬರಿಯ ವಾಸನೆ, ಬಳೆಯ ಸದ್ದು, ಎಲೆಯಡಿಕೆ ತುಂಬಿದ ಬಾಯಿಯ ಮಾತು, ಇಷ್ಟೇ ನನಗೆ ಗೊತ್ತಿದ್ದ ಪುಟ್ಟತಾಯಮ್ಮ. ದೊಡ್ಡ ಮೈಯವರು ಎಂದುಕೊಂಡಿದ್ದೆ. ಧ್ವನಿ ಹಾಗಿತ್ತು. ಕೆಳಗಿನ ಬೀದಿಯ ಕೊನೆಯಲ್ಲಿ ಅವರದು ಸೊಪ್ಪಿನ ಮಡಿ.

"ಮೇಡಮ್ನೋರೆ, ಆ ಕಾಂಪೌಂಡ್ ಮನೆಯೋರ ಸೊಸೆ ವಿಷ್ಯ ಗೊತ್ತಾಯ್ತಾ?"

"ಬೇಡಿ ಪುಟ್ಟತಾಯಮ್ಮ. ನಾನು ಕೆಲಸದಲ್ಲಿದ್ದೀನಿ."

"ನಾ ಏನ್ ನಿಮ್ಮ ಕಣ್ಣ ಕೇಳಿದ್ನಾ? ಕಿವಿ ಕೊಡಿ ಸಾಕು. ಅತ್ತೆ ಉಪ್ಪಿನಕಾಯಿ ಜಾಡಿಗೆ ಬೀಗ ಹಾಕವ್ರೆ ಅಂತ ಈ ಹುಡ್ಗಿ ಏನ್ ಮಾಡವ್ಳೆ ಅಂತೀರಿ..."

ಅಲ್ಲಿಗೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನನಗೆ ಜಾಡಿಯ ಚಿಂತೆ ಹತ್ತುತ್ತಿತ್ತು. ಏನು ಮಾಡಿದಳು? ಒಡೆದಳೇ? ಗಾಜಿನ ಚೂರು ಉಪ್ಪಿನಕಾಯಿಗೆ ಸೇರಿದರೆ? ಅಷ್ಟರಲ್ಲಿ ಕೆರೆ ನಾಲ್ಕು ಮೆಟ್ಟಿಲು ಇಳಿದು, ಕಾಲುವೆ ಹಿಡಿದು, ದಂಟಿನ ಮಡಿಗೆ ನೀರು ಬಿದ್ದಿರುತ್ತಿತ್ತು. "ಬತ್ತೀನವ್ವ, ಮಿಕ್ಕಿದ್ದು ನಾಳೆಗೆ" ಎಂದು ಪುಟ್ಟತಾಯಮ್ಮ ಏಳುತ್ತಿದ್ದರು. ಇದು ಕಾಕತಾಳೀಯವಲ್ಲ ಎಂದು ಅರ್ಥವಾಗಲು ನನಗೆ ಆರು ವರ್ಷ ಹಿಡಿಯಿತು.

ಇದಕ್ಕೆ ತೀರಾ ವಿರುದ್ಧ ಪದ್ಮಾಬಾಯಿ. ಅವರು ಏರಿಯ ಮೇಲೆ ಹಳೆಯ ಸೀರೆ ಹಾಸಿ ಹಪ್ಪಳ ಒಣಗಿಸುವವರು. ಗಂಡನಿಲ್ಲದ ಮನೆ ನಡೆಯುವುದು ಆ ಹಪ್ಪಳಗಳಿಂದಲೇ. ನಾನು ಬಚ್ಚಲಿಗೆ ಹೋಗಬೇಕಾದಾಗ ಗಂಟೆ ಬಾರಿಸಿದರೆ ಅವರು ಬಂದು ಐದು ನಿಮಿಷ ಕೆರೆ ನೋಡುತ್ತಿದ್ದರು. ಆ ಐದು ನಿಮಿಷದಲ್ಲಿ ಕೆರೆಯಲ್ಲಿ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಮುನ್ನೂರು ಹಪ್ಪಳ ಹಾಸಿಕೊಂಡವರ ನೋಟವೇ ಬೇರೆ.

ಹೀಗೆ ಹತ್ತೊಂಬತ್ತು ವರ್ಷ. ಐವತ್ತೆರಡು ತುಂಬಿದ ಮೇಲೆ ನನಗೊಂದು ತೊಂದರೆ ಶುರುವಾಯಿತು. ಕಣ್ಣಲ್ಲ. ಡಾಕ್ಟರು ಬೋರ್ಡಿನ ಕೊನೆಯ ಸಾಲನ್ನೂ ಓದಿಸಿ, "ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ" ಎಂದರು. ತೊಂದರೆ ಏನೆಂದರೆ, ಒಂದು ಬೆಳಿಗ್ಗೆ ಕೆರೆಯ ಮೇಲೆ ಬಿಸಿಲು ಬಿದ್ದಾಗ, 'ಎಷ್ಟು ಚೆನ್ನಾಗಿದೆ!' ಎನ್ನಿಸಿಬಿಟ್ಟಿತು. ಹಿಂದೆಂದೂ ಹಾಗೆ ಅನ್ನಿಸಿರಲಿಲ್ಲ. ಉಕ್ಕುವ ಹಾಲನ್ನು ಯಾರಾದರೂ ಚೆನ್ನಾಗಿದೆ ಎಂದು ನೋಡುತ್ತಾರೆಯೇ? ಕಣ್ಣು ಮಿಟುಕಿಸಿ ನೋಡುವಷ್ಟರಲ್ಲಿ ಹನ್ನೊಂದು ಮೆಟ್ಟಿಲು ಇಳಿದಿತ್ತು.

ನಾನು ಗಾಬರಿಯಾದೆ. ಆದರೆ ಆ ಗಾಬರಿ ನಿಲ್ಲಲಿಲ್ಲ. ಅದೇ ಸಮಸ್ಯೆ. ಹೆದರಿಕೆ ಎನ್ನುವುದು ನನ್ನಲ್ಲಿ ಬಾವಿಯ ನೀರಿನಂತೆ ಎಂದೂ ಬತ್ತದ್ದು ಎಂದುಕೊಂಡಿದ್ದೆ. ಅದು ತಳ ಕಾಣತೊಡಗಿತ್ತು. ಒಂದು ಹಾಳೆಯಲ್ಲಿ ಹೆದರಬೇಕಾದ ಸಂಗತಿಗಳನ್ನೆಲ್ಲ ಬರೆದುಕೊಂಡು ಹೋಗಿ ನೆನಪಿಸಿಕೊಳ್ಳುತ್ತ ಕೂತೆ. ಗ್ಯಾಸ್ ಸಿಲಿಂಡರ್, ಬಾವಲಿ, ನಮ್ಮವರ ಕೊಲೆಸ್ಟರಾಲ್. ಸೆರಗಿನಲ್ಲಿ ಹಸಿಮೆಣಸಿನಕಾಯಿ ಕಟ್ಟಿಕೊಂಡು ಹೋಗಿ ಮನಸ್ಸು ಜಾರಿದಾಗಲೆಲ್ಲ ಕಚ್ಚಿದೆ. ಬಾಯಿ ಉರಿಯುತ್ತಿತ್ತು, ಕೆರೆ ಚೆನ್ನಾಗಿಯೇ ಕಾಣುತ್ತಿತ್ತು. ಬಾಯಿ ಉರಿಯಲ್ಲಿ ಇನ್ನೂ ಚೆನ್ನಾಗಿ.

ನಿಜ ಹೇಳಬಹುದಿತ್ತು. ಹೇಳಲಿಲ್ಲ. ಊರಿನಲ್ಲಿ ನನ್ನನ್ನು ತೋರಿಸಿ 'ಹಾಲು ಉಕ್ಕಿಸದವರು' ಎನ್ನುತ್ತಿದ್ದರು. ಅದು ಹೋದರೆ ನಾನು ಯಾರು ಎಂಬುದು ನನಗೇ ಗೊತ್ತಿರಲಿಲ್ಲ. ನೀರು ಇಳಿದದ್ದಕ್ಕೆ ಕಾರಣ ಬರೆಯುವ ಪುಸ್ತಕದಲ್ಲಿ 'ಸೀನು' ಎಂದು ಬರೆಯತೊಡಗಿದೆ. ಸೀನಿಗೆ ವಿನಾಯಿತಿ ಇದೆ. ಹನ್ನೊಂದು ಮೆಟ್ಟಿಲಿಗೆ ಹನ್ನೊಂದು ಸೀನು. ಮೂರು ತಿಂಗಳಲ್ಲಿ ನಾನು ನಾನೂರ ಹನ್ನೆರಡು ಸಲ ಸೀನಿದ್ದೆ, ಪುಸ್ತಕದ ಪ್ರಕಾರ. ಊರು ಸುಮ್ಮನಿರಲಿಲ್ಲ. ಮೆಣಸಿನ ಕಷಾಯ ಬಂತು, ದೊಡ್ಡಪತ್ರೆ ಬಂತು, ಯಾರೋ ಕೈಯಿಂದ ಹೆಣೆದ ಮಂಕಿ ಕ್ಯಾಪ್ ಬಂತು. ಪುರಸಭೆಯಿಂದ ಆರೋಗ್ಯ ನಿರೀಕ್ಷಕರು ಬಂದು ನನ್ನ ಮೂಗಿಗೆ ಟಾರ್ಚ್ ಬಿಟ್ಟು ನೋಡಿ, ಏನೂ ಕಾಣದೆ, 'ಸುಪ್ತ ನೆಗಡಿ' ಎಂದು ವರದಿ ಕೊಟ್ಟರು. ಬೇಸಿಗೆಯ ಬಿಸಿಲಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು, ಇಲ್ಲದ ನೆಗಡಿಗೆ ಕಷಾಯ ಕುಡಿಯುತ್ತ ಕೂತ ನನ್ನನ್ನು ಕಂಡು ಊರು ಮರುಗಿತು. ಪುಟ್ಟತಾಯಮ್ಮ ಮಾತ್ರ, "ಎಷ್ಟ್ ಸೀನಿದ್ರೂ ಸೀನಿ ಮೇಡಮ್ನೋರೆ, ಒಡಲಾಗೆ ಇಟ್ಕಬಾರ್ದು. ದಂಟು ಮಂಡಿಗಂಟ ಬಂದದೆ" ಎನ್ನುತ್ತಿದ್ದರು.

ಒಂದು ಸಂಜೆ ಪದ್ಮಾಬಾಯಿ ಕುರ್ಚಿಯ ಪಕ್ಕ ಬಂದು ನಿಂತರು.

"ಇಂದಕ್ಕ, ನಾಳೆ ಒಂದು ದಿನ ಸೀನಬೇಡಿ. ಎರಡು ಸಾವಿರ ಹಪ್ಪಳ ಒಣಗಬೇಕು. ಮದುವೆ ಮನೇದು, ಸಂಜೆಗೆ ಕೊಡಬೇಕು."

"ಆಗಲಿ."

"ಆಗಲಿ ಅಂತ ಬಾಯಿ ಮಾತಿಗೆ ಹೇಳಬೇಡಿ. ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ, ನನಗೇನೂ ಬೇಜಾರಿಲ್ಲ. ನಮ್ಮ ತಮ್ಮನ ಮಹಡಿ ಮೇಲೆ ಒಣಗಿಸ್ತೀನಿ. ಅವನ ಹೆಂಡತಿ ಮುಖ ಒಂದಿಷ್ಟು ನೋಡಬೇಕಾಗುತ್ತೆ, ಅಷ್ಟೇ."

ಇಷ್ಟು ಸಲೀಸಾಗಿ ಯಾರೂ ನನಗೆ ಬಾಗಿಲು ತೆರೆದುಕೊಟ್ಟಿರಲಿಲ್ಲ. 'ಆಗಲ್ಲ' ಎಂಬುದು ಮೂರಕ್ಷರ. ಬಿ.ಎಸ್ಸಿ. ಓದಿದವಳಿಗೆ ಮೂರಕ್ಷರ ಹೇಳಲು ಬರಲಿಲ್ಲ. "ನಾನಿದ್ದೀನಲ್ಲ ಪದ್ಮಾಬಾಯಿ" ಎಂದೆ.

ಮಾರನೆಯ ದಿನ ಬೆಳಗಿನಿಂದ ನನ್ನನ್ನು ನಾನು ಬಿಗಿಹಿಡಿದು ಕೂತಿದ್ದೆ. ಏರಿಯ ಉದ್ದಕ್ಕೂ ಹಪ್ಪಳ, ಹುಣ್ಣಿಮೆಗಳನ್ನು ಸಾಲಾಗಿ ಹಾಸಿದ ಹಾಗೆ. ಹನ್ನೆರಡು ಗಂಟೆಯವರೆಗೆ ಒಂದು ಮೆಟ್ಟಿಲೂ ಇಳಿಯಲಿಲ್ಲ. ಆಮೇಲೆ ಒಂದು ಎಮ್ಮೆ ಕೆರೆಗೆ ಇಳಿಯಿತು. ನಡುನೀರಿಗೆ ಹೋಗಿ ಮೂಗು, ಕೊಂಬು ಮಾತ್ರ ಮೇಲಿಟ್ಟು ನಿಂತಿತು. ಕೊಂಬಿನ ಮೇಲೊಂದು ಬೆಳ್ಳಕ್ಕಿ ಬಂದು ಕೂತಿತು. ಆ ಎಮ್ಮೆಯ ಮುಖದಲ್ಲಿ ಇದ್ದ ನೆಮ್ಮದಿಯನ್ನು ನಾನು ಯಾವ ಮನುಷ್ಯರ ಮುಖದಲ್ಲೂ ಕಂಡಿರಲಿಲ್ಲ. ನಾನು ಮುಖಗಳನ್ನು ನೋಡಿದ್ದೇ ಕಡಿಮೆ ಎಂಬುದು ಬೇರೆ ಮಾತು. ಬೀಗ ಹಾಕಿದೆನೇ ಎಂದು ಅದು ಒಮ್ಮೆಯೂ ಯೋಚಿಸಿರಲಾರದು. ಹಾಗೂ ಬದುಕಬಹುದಲ್ಲ ಎಂದುಕೊಂಡೆ. ಎಮ್ಮೆ ಮೆಲ್ಲಗೆ ಮೇಲೇರುತ್ತಿತ್ತು. ನನ್ನ ಪಾದದ ಮಟ್ಟಕ್ಕೆ ಬಂತು, ಕುರ್ಚಿಯ ಮಟ್ಟಕ್ಕೆ ಬಂತು. ಎಮ್ಮೆ ಯಾಕೆ ಮೇಲೇರುತ್ತಿದೆ ಎಂದು ನಾನು ಕೇಳಿಕೊಳ್ಳಲಿಲ್ಲ. ನನ್ನ ಪಕ್ಕದಲ್ಲೇ ತೇಲುತ್ತ ಹೋಗುವಾಗ ಅದು ನನ್ನನ್ನೊಮ್ಮೆ ನೋಡಿತು. ಆಗ ನನ್ನ ಡಬ್ಬಿಯೂ ತೇಲುತ್ತಿರುವುದು ಕಂಡಿತು.

ಮೂವತ್ತೆರಡು ಮೆಟ್ಟಿಲು. ನನ್ನ ಕಾಲದಲ್ಲಿ ಅದೇ ಮೊದಲು. ನೀರು ಹಿಂದಕ್ಕೆ ಹೋದಾಗ ಎಮ್ಮೆ ಕೆಳಗಿನ ಬೀದಿಯ ನಡುವೆ ನಿಂತು ಒದ್ದೆ ಹಪ್ಪಳ ಮೇಯುತ್ತಿತ್ತು. ಬೆಳ್ಳಕ್ಕಿ ಇನ್ನೂ ಕೊಂಬಿನ ಮೇಲೇ ಇತ್ತು.

ಪದ್ಮಾಬಾಯಿ ಏರಿ ಹತ್ತಿ ಬಂದರು. ಮೊಣಕಾಲಿನವರೆಗೆ ಒದ್ದೆ. ಕೈಯಲ್ಲಿ ಹಿಟ್ಟಾಗಿ ಹೋದ ಒಂದು ಹಪ್ಪಳ. ನಾನು ಬಯ್ಗಳಕ್ಕೆ ಕಾದೆ. ಅವರು ಬಯ್ಯಲಿಲ್ಲ.

"ಸೀನು ಬಂತಾ?" ಎಂದರು.

ನನ್ನ ಮಾನ ಉಳಿಸಲು ಅವರಾಗಿ ಮತ್ತೊಂದು ಬಾಗಿಲು ತೆರೆದಿದ್ದರು. ಹೂಂ ಎಂದರೆ ಸಾಕಿತ್ತು.

"ಇಲ್ಲ ಪದ್ಮಾಬಾಯಿ. ಸೀನಲಿಲ್ಲ. ಮೂರು ತಿಂಗಳಿಂದ ಒಂದು ಸಲವೂ ಸೀನಿಲ್ಲ. ನಾನು ನೋಡ್ತಾನೇ ಇದ್ದೆ. ಚೆನ್ನಾಗಿತ್ತು."

"ಏನು ಚೆನ್ನಾಗಿತ್ತು?"

"ಎಮ್ಮೆ."

ಅವರು ಕೆಳಗೆ ನೋಡಿದರು. ಎಮ್ಮೆ ಮೇಯುತ್ತಿತ್ತು. "ಅದಕ್ಕೂ ಚೆನ್ನಾಗೇ ಆಗಿದೆ" ಎಂದು ಕೈಯಲ್ಲಿದ್ದ ಹಿಟ್ಟನ್ನು ಕೆರೆಗೆ ಎಸೆದರು. ಆಮೇಲೆ ಬಯ್ದರು. ಸುಮಾರು ಹೊತ್ತು ಬಯ್ದರು. "ಆಗಲ್ಲ ಅಂತ ಹೇಳೋಕೆ ಏನಾಗಿತ್ತು ರೋಗ? ಕಷಾಯ ಕುಡಿಯೋಕೆ ಬರುತ್ತೆ!" ಎಂಬಲ್ಲಿಗೆ ನಿಲ್ಲಿಸಿ, ತಮ್ಮನ ಹೆಂಡತಿಯ ಮನೆ ಕಡೆ ನಡೆದರು. ಅಷ್ಟೂ ಹೊತ್ತು ನಾನು ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಮತ್ತೆ ನೀರು ಇಳಿಯುತ್ತಿತ್ತು.

ಮುಖ್ಯಾಧಿಕಾರಿ ರುದ್ರಾರಾಧ್ಯರು ಅದೇ ಸಂಜೆ ನನ್ನ ಅರ್ಜಿಯನ್ನು ಓದಿ ಕನ್ನಡಕ ತೆಗೆದರು. ಅವರಿಗೆ ಮೀಸೆ ಇರಲಿಲ್ಲ.

"ಏನಮ್ಮ ಇದು? 'ಕೆರೆಯು ಸುಂದರವಾಗಿ ಕಾಣುತ್ತಿರುವುದರಿಂದ ಕರ್ತವ್ಯದಿಂದ ಬಿಡುಗಡೆ ಕೋರಿ.' ಇದನ್ನ ನಾನು ಮೇಲಕ್ಕೆ ಹೇಗೆ ಕಳಿಸಲಿ? ಅನಾರೋಗ್ಯ ಅಂತ ಬರೀರಿ."

"ಆರೋಗ್ಯವಾಗಿದ್ದೀನಿ ಸರ್."

"ಕೌಟುಂಬಿಕ ಕಾರಣ?"

"ಅಂಥದ್ದೇನಿಲ್ಲ ಸರ್."

"ಒಂದು ವಾರ ರಜೆ ತಗೊಳ್ಳಿ. ಕುರ್ಚಿಗೆ ಮೆತ್ತೆ ಹಾಕಿಸ್ತೀನಿ. ಅಕ್ಟೋಬರ್‌ನಲ್ಲಿ ಸನ್ಮಾನ ಇಟ್ಕೊಳ್ಳೋಣ, ಶಾಲು, ಹಣ್ಣಿನ ಬುಟ್ಟಿ..."

"ಸರ್, ನನ್ನಿಂದ ಆಗಲ್ಲ."

ಹೇಳಿಬಿಟ್ಟೆ. ಮೇಜು ಬಿರಿಯಲಿಲ್ಲ, ಫ್ಯಾನು ಕಳಚಿ ಬೀಳಲಿಲ್ಲ. ರುದ್ರಾರಾಧ್ಯರು ಹೊರಗೆ ಕತ್ತಲಾಗಿದೆಯೇ ಎಂದು ಒಮ್ಮೆ ನೋಡಿ ಖಚಿತಪಡಿಸಿಕೊಂಡು ಸಹಿ ಹಾಕಿದರು.

ಮೊದಲ ದಿನ ನನಗೆ ಎಚ್ಚರವಾದದ್ದು ಬಿಸಿಲು ಬಿದ್ದ ಮೇಲೆ. ಅಡುಗೆಮನೆಯಿಂದ ಸುಂಯ್ ಎಂಬ ಸದ್ದು, ಸೀದ ವಾಸನೆ. ಓಡಿಹೋದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ನಮ್ಮವರು ಕಿಟಕಿಯ ಬಳಿ ನಿಂತು ಪೇಪರ್ ಓದುತ್ತಿದ್ದವರು ತಿರುಗಿ, ನನ್ನನ್ನು ನೋಡಿ, ಕಳ್ಳ ಸಿಕ್ಕಿಬಿದ್ದ ಹಾಗೆ ನಿಂತರು. ಅವರ ಕೈಯಲ್ಲಿ ಒಲೆ ಒರೆಸುವ ಬಟ್ಟೆ ಆಗಲೇ ತಯಾರಿತ್ತು. ಹಳೆಯ ಬಟ್ಟೆ, ಸವೆದು ಬಲೆಯಾಗಿತ್ತು.

"ಯಾವಾಗಿನಿಂದ?" ಎಂದೆ.

"ಏನು?"

"ಹಾಲು."

"ದಿನಾ ಅಲ್ಲ ಕಣೇ. ಏಕಾದಶಿ ದಿನ ಕಾಯಿಸಲ್ಲ."

ಹತ್ತೊಂಬತ್ತು ವರ್ಷ. ಹಾಲು ಉಕ್ಕಿಸದವಳ ಮನೆಯಲ್ಲಿ ದಿನವೂ ಹಾಲು ಉಕ್ಕಿತ್ತು. ಅವರು ಒರೆಸಿ, ತೊಳೆದು, ಊದುಬತ್ತಿ ಹಚ್ಚಿ ಶಾಲೆಗೆ ಹೋಗುತ್ತಿದ್ದರು. ಇದು ಭಕ್ತಿ ಎಂದು ನಾನು ತಿಳಿದಿದ್ದೆ. ಕೋಪ ಬರಲಿ ಎಂದು ಕಾದೆ. ಬಂದದ್ದು ನಗು. ಅವರು ಹೆದರಿ ನನಗೆ ಕುರ್ಚಿ ಹಾಕಿದರು.

ಅತ್ತ ಪುರಸಭೆಯಲ್ಲಿ, ಜವಾನರನ್ನು ಏರಿಯ ಮೇಲೆ ಕೂರಿಸಿ, ಸಂದರ್ಶನ ನಡೆಯುತ್ತಿತ್ತು. ಏಳು ಜನರ ಹಾಲು ಉಕ್ಕಿತಂತೆ. ಎಂಟನೆಯವರ ಪಾತ್ರೆ ಕಾಯುತ್ತಿರುವಾಗ ಪದ್ಮಾಬಾಯಿ ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, ಹೋದ ಹಪ್ಪಳದ ಬಗ್ಗೆ ರುದ್ರಾರಾಧ್ಯರನ್ನು ತರಾಟೆಗೆ ತೆಗೆದುಕೊಂಡರು. ಬಯ್ಯುತ್ತ ಬಯ್ಯುತ್ತಲೇ ಕೈ ಚಾಚಿ, ಹಾಲು ಅಂಚಿಗೆ ಬಂದ ಗಳಿಗೆಯಲ್ಲಿ ಒಲೆ ಆರಿಸಿ, ಬಯ್ಗಳ ಮುಂದುವರಿಸಿದರು. ಕೆಲಸ ಅವರಿಗೇ ಆಯಿತು. ಆದರೆ ಅವರು ನನ್ನ ಹಾಗೆ ಆಗಲಿ ಎನ್ನಲಿಲ್ಲ. "ಹಪ್ಪಳ ಒಣಗೋವರೆಗೂ ನೋಡ್ತೀನಿ. ಮೂರು ಗಂಟೆಗೆ ಹಪ್ಪಳ ಎತ್ತಿ ಮನೆಗೆ ಹೋಗ್ತೀನಿ. ಮೂರರ ಮೇಲೆ ಕೆರೆ ಪಾಡು ಕೆರೆಗೆ, ಊರ ಪಾಡು ಊರಿಗೆ" ಎಂದರಂತೆ.

ಹೀಗೆ ಈಗ ದಿನವೂ ಮೂರರ ಮೇಲೆ ನೀರು ಇಳಿಯುತ್ತದೆ. ಮೊದಲ ದಿನ ನಾನು ಬಾಗಿಲ ಹಿಂದೆ ನಿಂತು ಕಿರುಚಾಟಕ್ಕೆ ಕಿವಿಗೊಟ್ಟಿದ್ದೆ. ಯಾರೂ ಕಿರುಚಲಿಲ್ಲ. ಕೊನೆಗೆ ತಡೆಯಲಾಗದೆ ಕೆಳಗಿನ ಬೀದಿಗೆ ಹೋದೆ. ನೀರು ಮೀನಖಂಡದವರೆಗೆ ಬಂದು ನಿಂತಿತ್ತು. ಹೆಂಗಸರು ಜಗಲಿಯ ಮೇಲೆ ಕೂತು ಕಾಲು ಇಳಿಬಿಟ್ಟಿದ್ದರು. ಗೋಡೆಗಳ ಮೇಲೆ ಸಾಲು ಸಾಲು ಚಪ್ಪಲಿ. ಆ ಮೊಳೆಗಳನ್ನು ನಾನು ಆವತ್ತು ಸರಿಯಾಗಿ ನೋಡಿದೆ. ತುಕ್ಕು ಹಿಡಿದ ಹಳೆಯ ಮೊಳೆಗಳು. ನನ್ನನ್ನು ಪೂರ್ತಿ ನಂಬಿದ್ದ ಊರು ಅಷ್ಟೊಂದು ಮೊಳೆ ಹೊಡೆಯುತ್ತಿರಲಿಲ್ಲ. ಅವಮಾನವಾಗಬೇಕಿತ್ತು. ಹೆಗಲಿನಿಂದ ಏನೋ ಇಳಿದ ಹಾಗಾಯಿತು.

ಅದಾದ ಮೇಲೆ ನಾನು ದಿನವೂ ಡಬ್ಬಿ ತೆಗೆದುಕೊಂಡು ಹೋಗಿ ಕೊನೆಯ ಮೆಟ್ಟಿಲ ಮೇಲೆ ಕೂರುತ್ತೇನೆ. ಕುತ್ತಿಗೆ ಇನ್ನೂ ಮಾತು ಕೇಳುವುದಿಲ್ಲ. ಯಾರೊಂದಿಗೆ ಮಾತಾಡಿದರೂ ಮುಖ ಏರಿಯ ಕಡೆಗೇ ತಿರುಗಿರುತ್ತದೆ. ನಿನ್ನೆ ಪಕ್ಕದಲ್ಲಿ ಕೊತ್ತಂಬರಿಯ ವಾಸನೆ ಬಂತು.

"ಈ ಹಪ್ಪಳದಮ್ಮ ಮೂರು ಗಂಟೆಗಂಟ ಒಂದು ಸೀನೂ ಸೀನಲ್ಲ ಕಣವ್ವ. ಉಪ್ಪಿನಕಾಯಿ ಕತೆ ಹೇಳಿದ್ರೆ, ಮುಚ್ಚು ಬಾಯಿ ಅಂತಾಳೆ. ನೀವೇ ಚೆಂದಾಗಿದ್ರಿ."

"ಅದಿರಲಿ, ಆ ಸೊಸೆ ಕೊನೆಗೆ ಏನು ಮಾಡಿದಳು?"

"ಯಾವ ಸೊಸೆ?"

"ಜಾಡಿಗೆ ಬೀಗ ಹಾಕಿದ್ದರಲ್ಲ."

"ಅಯ್ಯೋ, ಅದಾ? ಅದು ನಾನೇ ಕಟ್ಟಿದ್ದು. ಕೊನೆ ಇನ್ನೂ ಕಟ್ಟಿಲ್ಲ."

ನಾನು ತಿರುಗಿದೆ. ಕುತ್ತಿಗೆ ಲಟಕ್ಕೆಂದಿತು. ಕಡ್ಡಿಯಂಥ ಹೆಂಗಸು. ಮೂಗಿನ ಎರಡೂ ಕಡೆ ಬೊಟ್ಟು, ಒಂದು ಹುಬ್ಬು ಪೂರ್ತಿ ಬಿಳಿ. ಹನ್ನೊಂದು ವರ್ಷ ನನ್ನ ಹಿಂದೆ ಕೂತ ದೊಡ್ಡ ಮೈಯ ಪುಟ್ಟತಾಯಮ್ಮ ಎಲ್ಲಿಗೋ ಹೋಗಿ, ಈ ಮುಖ ಬಂದಿತ್ತು. ಅವರೂ ನನ್ನನ್ನು ನೋಡಿದರು.

"ಓ, ನಿಮ್ಗೂ ಮುಂದ್ಗಡೆ ಅಂತ ಒಂದದೆ" ಎಂದು ನಕ್ಕರು.

ನಾನು ಡಬ್ಬಿಯ ಮುಚ್ಚಳ ತೆಗೆದೆ. ಅನ್ನದ ಒಂದು ಬದಿಗೆ ಬೀಟ್ರೂಟ್ ಪಲ್ಯ, ಇನ್ನೊಂದು ಬದಿಗೆ ಹೀರೆಕಾಯಿ. ಪಲ್ಯದ ಕೆಂಪು ಅನ್ನಕ್ಕೆ ಇಳಿದು ಅಂಚಿನಲ್ಲಿ ಗುಲಾಬಿಯಾಗಿತ್ತು. ನಡುವೆ ಕ್ಯಾರೆಟ್ಟಿನಲ್ಲಿ ಕೊರೆದ ಒಂದು ಸಣ್ಣ ಹೂವು, ಐದು ಎಸಳಿನದು. ಡ್ರಾಯಿಂಗ್ ಮೇಷ್ಟ್ರು. ದಿನವೂ ಇಟ್ಟಿರಬೇಕು. ನಾನು ದಿನವೂ ಕೆರೆ ನೋಡುತ್ತ ಅಗಿದು ನುಂಗಿರಬೇಕು.

ಪಾದಕ್ಕೆ ತಣ್ಣಗೆ ಏನೋ ತಾಗಿತು. ಮೂರು ಗಂಟೆ ಆಗಿತ್ತೋ, ಪದ್ಮಾಬಾಯಿಯೇ ಕೊನೆಗೂ ಸೀನಿದರೋ, ನನಗೆ ಗೊತ್ತಾಗಲಿಲ್ಲ. ನಾನು ಊಟ ನೋಡುತ್ತಿದ್ದೆ.